ವ್ಯಾಗ್ನರನ ಕಾರ್ಡು

ಅಮೆರಿಕದಲ್ಲಿ 1909ರಿಂದ 1911ರವರೆಗೆ ಸಿಗರೇಟಿನ ಪೊಟ್ಟಣಗಳೊಳಗೆ, ಪೊಟ್ಟಣವು ಮುದುರದಂತೆ ಆಸರೆಯಾಗಿಯೂ ಗಿರಾಕಿಗಳಿಗೆ ಆಮಿಷವಾಗಿಯೂ ಇರಿಸಿದ ಬೇಸ್‌ಬಾಲ್ ಆಟಗಾರರ ಚಿತ್ರಗಳಲ್ಲೊಂದು, ಹೋನಸ್ ವ್ಯಾಗ್ನರನದು, 2021ರಲ್ಲಿ 66 ಲಕ್ಷ ಡಾಲರಿಗೆ ಹರಾಜಾಯಿತೆಂದರೆ, ಎರಡು ಬೆರಳಗಲದ ರಟ್ಟಿನ ತುಂಡಿಗೆ ಅಷ್ಟೊಂದು ಮಹತ್ತ್ವವು ಎಲ್ಲಿಂದ ಬಂದಿತೆಂಬ ಕುತೂಹಲ ಯಾರಿಗೂ ಉಂಟಾಗದಿರದು. ಅದೇ ಮಾಲೆಯ ಸಾಮಾನ್ಯ ಆಟಗಾರನೊಬ್ಬನ ಸವೆದ ಕಾರ್ಡು ಕೆಲವೇ ಹತ್ತು ಡಾಲರುಗಳಿಗೆ ದೊರೆಯುತ್ತದೆ. ಆದಕಾರಣ ಪ್ರಾಚೀನತೆಯೊಂದೇ ಬೆಲೆಯನ್ನು ತಾರದು.

ವ್ಯಾಗ್ನರನ ಕಾರ್ಡಿನ ಮುದ್ರಣವು ಬಹು ಬೇಗ ನಿಂತುಹೋಯಿತು. ತನ್ನ ಚಿತ್ರವು ಬಾಲಕರನ್ನು ತಂಬಾಕಿನತ್ತ ಸೆಳೆಯಬಾರದೆಂದು ಆತನೇ ತಡೆದನೆಂದು ಕೆಲವರೂ, ಸಂಭಾವನೆಯ ವಿಷಯದಲ್ಲಿ ಮುನಿದನೆಂದು ಕೆಲವರೂ ಹೇಳುವರು. ಸ್ವತಃ ತಂಬಾಕು ಜಗಿಯುತ್ತಿದ್ದವನ ವಿಷಯದಲ್ಲಿ ಮೊದಲನೆಯ ಕಥೆಯನ್ನು ಪೂರ್ತಿಯಾಗಿ ನಂಬುವುದು ನನಗೆ ಕಷ್ಟ. ಈಗ ಉಳಿದಿರುವುವು ಸುಮಾರು 60 ಪ್ರತಿಗಳು ಮಾತ್ರ.

ಇಷ್ಟು ದುರ್ಲಭವಾದ ವಸ್ತುವಿಗೆ ನಕಲುಗಳು ಹುಟ್ಟದಿರುವುದುಂಟೆ? ಪರೀಕ್ಷಕನು ಮೊದಲು ನೋಡುವುದು ಆಟಗಾರನ ಮುಖವನ್ನಲ್ಲ, ಕಾರ್ಡಿನ ಬೆನ್ನನ್ನು. ಅಲ್ಲಿ ಸ್ವೀಟ್ ಕ್ಯಾಪೊರಲ್ ಅಥವಾ ಪೀಡ್‌ಮಾಂಟ್ ಸಿಗರೇಟಿನ ಜಾಹೀರಾತು ಇರತಕ್ಕದ್ದು. ಮುಂಭಾಗದಲ್ಲಿ ಆಟಗಾರನ ಹೆಸರಿನ ಪಕ್ಕದ ಪಿಟ್ಸ್‌ಬರ್ಗ್ ಎಂಬ ಊರಿನ ಹೆಸರು, ಆ ಕಾಲದ ರೂಢಿಯಂತೆ, ಇಂಗ್ಲಿಷಿನ ಕೊನೆಯ ಎಚ್ ಅಕ್ಷರವಿಲ್ಲದೆ ಅಚ್ಚಾಗಿದೆ. ಭೂತಗನ್ನಡಿಯಡಿಯಲ್ಲಿ ಹಿಡಿದಾಗ ಹಳೆಯ ಶಿಲಾಮುದ್ರಣದ ಬಣ್ಣವು ಕಾಗದದ ಮೇಲೆ ಹರಡಿ ನಿಂತಂತೆ ತೋರಿದರೆ, ಈಚಿನ ಮರುಮುದ್ರಣದಲ್ಲಿ ಅದೇ ಬಣ್ಣವು ಸಾಲುಗಟ್ಟಿದ ಸೂಕ್ಷ್ಮ ಚುಕ್ಕಿಗಳಾಗಿ ಒಡೆದು ಕಾಣುವುದು. ಕತ್ತಲೆಯಲ್ಲಿ ನೇರಳಾತೀತ ದೀಪ ಹಿಡಿದರೆ ಇನ್ನೂ ಸ್ಪಷ್ಟ: ಎರಡನೆಯ ಮಹಾಯುದ್ಧದ ಅನಂತರದ ಕಾಗದದಲ್ಲಿ ಬಿಳುಪಿಗಾಗಿ ಬೆರೆಸಿದ ರಾಸಾಯನಿಕವು ನೀಲಿಯಾಗಿ ಹೊಳೆಯುತ್ತದೆ, ಹಳೆಯ ರಟ್ಟು ಮಂಕಾಗಿಯೇ ಉಳಿಯುತ್ತದೆ.

ಈ ಮಾಲೆಗೆ ಟಿ-206 ಎಂಬ ಸಂಕೇತವನ್ನಿತ್ತವನು ಸಿರಕ್ಯೂಸ್ ನಗರದ ಜೆಫರ್ಸನ್ ಬರ್ಡಿಕ್. ಸಂಧಿವಾತದಿಂದ ಬಳಲುತ್ತಿದ್ದ ಈ ಕಾರ್ಖಾನೆಯ ಕೆಲಸಗಾರನು ತಾನು ಕೂಡಿಸಿದ 3 ಲಕ್ಷಕ್ಕೂ ಮಿಗಿಲಾದ ಕಾರ್ಡುಗಳನ್ನೂ ಮುದ್ರಿತ ಪತ್ರಗಳನ್ನೂ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ದಾನವಿತ್ತು, 1963ರ ಜನವರಿಯವರೆಗೆ ಅಲ್ಲಿಯೇ ಕುಳಿತು ಆಲ್ಬಂಗಳಲ್ಲಿ ಅಂಟಿಸಿ ಮುಗಿಸಿ, ಮಾರ್ಚಿನಲ್ಲಿ ಕಾಲವಾದನು. ಅಂಟು ತಗುಲಿದ ಬೆನ್ನನ್ನು ಕಂಡರೆ ಇಂದಿನ ವರ್ತಕನು ತಲೆಯ ಮೇಲೆ ಕೈಹೊತ್ತುಕೊಂಡಾನು. ಬರ್ಡಿಕ್ಕನಿಗೆ ಮಾರುವ ಉದ್ದೇಶವೇ ಇರಲಿಲ್ಲ.

ಇಂದಿನ ಪೇಟೆಯಲ್ಲಾದರೋ ಮೂಲೆಗಳ ಮೊನಚು, ಚಿತ್ರದ ಮಧ್ಯಸ್ಥಿತಿ, ಮಡಿಕೆ, ಕಲೆ ಇವನ್ನೆಲ್ಲ ಅಳೆದು 1ರಿಂದ 10ರವರೆಗೆ ಅಂಕವಿತ್ತು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುದ್ರೆಹಾಕುವ ಸಂಸ್ಥೆಗಳಿವೆ. ಅಂಕವೊಂದು ಏರಿದರೆ ಬೆಲೆ ಹಲವು ಪಟ್ಟು ಏರುವುದರಿಂದ, ಸವೆದ ಅಂಚನ್ನು ಕೂದಲೆಳೆಯಷ್ಟು ಕತ್ತರಿಸಿ ಚೂಪುಗೊಳಿಸುವ ಕುಟಿಲ ವಿದ್ಯೆಯೂ ಬೆಳೆದಿದೆ. 8 ಅಂಕ ಪಡೆದು 2007ರಲ್ಲಿ 28 ಲಕ್ಷ ಡಾಲರಿಗೆ ಕೈಬದಲಾಯಿಸಿದ ವ್ಯಾಗ್ನರ್ ಕಾರ್ಡೊಂದರ ಅಂಚುಗಳನ್ನು ತಾನು ಕತ್ತರಿಸಿದ್ದುಂಟೆಂದು ಹರಾಜುಗಾರ ಬಿಲ್ ಮಾಸ್ಟ್ರೊ 2013ರಲ್ಲಿ ನ್ಯಾಯಾಲಯದ ಮುಂದೆ ಒಪ್ಪಿಕೊಂಡನು. ಮೊದಲು ಹೇಳಿದ 66 ಲಕ್ಷದ ಕಾರ್ಡಿಗೆ ದೊರೆತಿದ್ದುದು ಕೇವಲ 3 ಅಂಕ. ಎರಡರಲ್ಲೊಂದನ್ನು ಆರಿಸಿಕೊಳ್ಳೆಂದು ನನಗೆ ಯಾರಾದರೂ ಹೇಳಿದರೆ ಈ ಸವೆದ ಮೂಲೆಗಳದ್ದನ್ನೇ ಕೇಳಿಯೇನು.