ಏಕಾಂಗಿ ವಿದೇಶಯಾನದ ಅಳುಕು

ಪ್ರಶ್ನೆ: ಮೊದಲ ಬಾರಿಗೆ ಒಬ್ಬಂಟಿಯಾಗಿ ದೀರ್ಘಕಾಲ ಪರದೇಶಕ್ಕೆ ಹೊರಟಿರುವೆನು, ದಿನ ಸಮೀಪಿಸಿದಂತೆ ಎದೆ ಡವಗುಟ್ಟುತ್ತಿದೆ. ಉಪಾಯವೇನು?
– ಓದುಗರೊಬ್ಬರು, ಬಾಳೆಹೊಸೂರ

ಉತ್ತರ: ಅಪರಿಚಿತವಾದುದರ ಇದಿರಿನಲ್ಲಿ ಅಡ್ರಿನಲಿನ್ ಸ್ರವಿಸಿ ಹೃದಯದ ಬಡಿತ ತೀವ್ರಗೊಳ್ಳುವುದು ದೇಹದ ಸಹಜಧರ್ಮವೇ ಹೊರತು ಹೇಡಿತನದ ಲಕ್ಷಣವಲ್ಲ, ಉಸಿರನ್ನು ಒಳಗೆಳೆದುದಕ್ಕಿಂತ ನಿಧಾನವಾಗಿ ಹೊರಬಿಡುವ ಅಭ್ಯಾಸದಿಂದ ಅದು ತಕ್ಕಮಟ್ಟಿಗೆ ತಗ್ಗುವುದು. ಮನಸ್ಸಿನ ಭೀತಿಗಾದರೋ ಪರಿಚಯವೇ ಪರಮೌಷಧ. ನಿಮ್ಮೂರಿಗೆ ದೂರವಲ್ಲದ ಸವಣೂರಿನಲ್ಲಿ 1909ರಲ್ಲಿ ಜನಿಸಿದ ಕವಿ ವಿ.ಕೃ. ಗೋಕಾಕರು 1930ರ ದಶಕದಲ್ಲಿ ವ್ಯಾಸಂಗಾರ್ಥವಾಗಿ ಆಕ್ಸ್‌ಫರ್ಡಿಗೆ ತೆರಳಿದಾಗ, ಊರಿನ ಕ್ಷೇಮಸಮಾಚಾರಕ್ಕೆ ಅಂಚೆಯ ದಾರಿಯನ್ನೇ ಕಾಯಬೇಕಾಗಿದ್ದಿತು; ಆದರೂ ಆ ಪ್ರವಾಸವೇ ‘ಸಮುದ್ರದಾಚೆಯಿಂದ’ ಎಂಬ ಅವರ ಕೃತಿಗೆ ವಸ್ತುವಾಯಿತು.

ಒಂಟಿ ಪಯಣದ ಪರಿಚಯಕ್ಕಾಗಿ ತಾವು ಮೊದಲು ಗದಗಿನಲ್ಲಿ ಒಬ್ಬರೇ ರೈಲು ಹತ್ತಿ, ಮುಂಬಯಿಯಂತಹ ಊರಿನಲ್ಲಿ ನಾಲ್ಕು ದಿನ ಇದ್ದು ಬನ್ನಿರಿ. ಪರದೇಶದಲ್ಲಿ ಇಳಿದ ಮೊದಲ ರಾತ್ರಿಯ ವಸತಿಯನ್ನೂ, ವಿಮಾನನಿಲ್ದಾಣದಿಂದ ಅಲ್ಲಿಗೆ ಮುಟ್ಟುವ ಮಾರ್ಗವನ್ನೂ ಮುಂಚಿತವಾಗಿ ಗೊತ್ತುಮಾಡಿ, ಆ ವಿಳಾಸವನ್ನು ಭಾರತೀಯ ರಾಯಭಾರ ಕಚೇರಿಯ ದೂರವಾಣಿ ಸಂಖ್ಯೆಯೊಡನೆ ಕಾಗದದ ಮೇಲೆ ಬರೆದು, ಪಾಸ್‌ಪೋರ್ಟು ವೀಸಾಗಳ ಪ್ರತಿಗಳೊಂದಿಗೆ ಬೇರೊಂದು ಚೀಲದಲ್ಲಿರಿಸಿರಿ. ಮೊಬೈಲಿನ ಚಾರ್ಜು ಮುಗಿದರೂ ದಿಕ್ಕು ತಪ್ಪದು. ವಿಮಾನ ಹೊರಡುವುದಕ್ಕೆ ಮೂರು ತಾಸು ಮೊದಲೇ ನಿಲ್ದಾಣದಲ್ಲಿರಿ. ಇಷ್ಟಾದ ಮೇಲೂ ಉಳಿಯುವ ಅಳುಕನ್ನು ಜೊತೆಗಿಟ್ಟುಕೊಂಡೇ ಹೊರಡಬಹುದು. ಅದು ತಮ್ಮನ್ನು ಎಚ್ಚರದಲ್ಲಿಡುವುದು.