ತಿಪ್ಪೆಗುಂಡಿಯಿಂದ ಹಾರಿಹೋಗುವುದೇನು?

ಮಳೆಗಾಲ ಬಂತೆಂದರೆ ಖಾನಾಪುರದ ಕಡೆಯ ತೋಟಗಳಲ್ಲಿ ತಿಪ್ಪೆಗುಂಡಿ ತುಂಬ ನೀರು. ಕಣಕುಂಬಿಯ ಸುತ್ತಿನ ಮಳೆ ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆ ಗುಂಡಿಯನ್ನು ಕೋಲಿನಿಂದ ಕೆದಕಿದರೆ ಗುಳುಗುಳು ಗುಳ್ಳೆ ಏಳುತ್ತವೆ, ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಬಡಿಯುತ್ತದೆ. ಗೊಬ್ಬರ ಚೆನ್ನಾಗಿ ಕಳಿಯುತ್ತಿದೆ ಎಂದು ನಾವು ಸಮಾಧಾನಪಟ್ಟುಕೊಳ್ಳುತ್ತೇವೆ. ಆದರೆ ಆ ಗುಳ್ಳೆಗಳಲ್ಲಿ ಹಾರಿಹೋಗುತ್ತಿರುವುದು ಉರಿಸಬಹುದಾಗಿದ್ದ ಇಂಧನ; ಗುಂಡಿಯ ನೀರಿನೊಡನೆ ಹರಿದುಹೋಗುತ್ತಿರುವುದು ನಮ್ಮ ಗೊಬ್ಬರದ ಸತ್ವ.

ಗಾಳಿ ಇದ್ದರೆ ಒಂದು, ಇಲ್ಲದಿದ್ದರೆ ಇನ್ನೊಂದು

ಬೆಳಗಾವಿಯ ರಾಮತೀರ್ಥ ನಗರದ ಒಂದು ಮನೆಯಲ್ಲಿ ತರಕಾರಿ ಸಿಪ್ಪೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಕಟ್ಟಿ ಇಡೋಣ. ಎರಡೇ ದಿನಕ್ಕೆ ನಾರುತ್ತದೆ. ಅದೇ ಸಿಪ್ಪೆಯನ್ನು ಹಿತ್ತಲ ಬಾಳೆಯ ಬುಡಕ್ಕೆ ತೆಳುವಾಗಿ ಹರಡಿದರೆ ನಾರದೆ ಮಣ್ಣಾಗುತ್ತದೆ. ವ್ಯತ್ಯಾಸವಿಷ್ಟೆ: ಒಂದಕ್ಕೆ ಗಾಳಿಯಿಲ್ಲ, ಇನ್ನೊಂದಕ್ಕೆ ಇದೆ.

ಗಾಳಿಯಾಡುವಲ್ಲಿ ಕೆಲಸ ಮಾಡುವ ಸೂಕ್ಷ್ಮಜೀವಿಗಳು ಇಂಗಾಲವನ್ನು ಇಂಗಾಲದ ಡೈಆಕ್ಸೈಡ್ ಆಗಿ ಬಿಡುತ್ತವೆ. ಗಿಡವು ಗಾಳಿಯಿಂದ ಪಡೆದದ್ದೇ ಗಾಳಿಗೆ ಮರಳಿತು, ಲೆಕ್ಕ ಸರಿಹೋಯಿತು. ನೀರು ನಿಂತು ಗಾಳಿ ಕಟ್ಟಿದಲ್ಲಿ ಬೇರೆ ಜಾತಿಯ ಜೀವಿಗಳು ಸೇರಿಕೊಂಡು ಮೀಥೇನ್ ಉತ್ಪಾದಿಸುತ್ತವೆ. ನೂರು ವರ್ಷಗಳ ಲೆಕ್ಕದಲ್ಲಿ, ಒಂದು ಕಿಲೋ ಮೀಥೇನ್ ಭೂಮಿಯನ್ನು ಬಿಸಿಮಾಡುವುದು ಸುಮಾರು 27 ಕಿಲೋ ಇಂಗಾಲದ ಡೈಆಕ್ಸೈಡ್ ಮಾಡುವಷ್ಟು. ಒಮ್ಮೆ ಒದ್ದೆ, ಒಮ್ಮೆ ಆರು ಆಗುವ ರಾಶಿಯಿಂದ ನೈಟ್ರಸ್ ಆಕ್ಸೈಡ್ ಕೂಡ ಹೊರಡುತ್ತದೆ. ಅದರ ಬಲ ಸುಮಾರು 273 ಪಟ್ಟು. ಅದು ಗಿಡಕ್ಕೆ ಸೇರಬೇಕಾಗಿದ್ದ ಸಾರಜನಕವೇ ಎಂಬುದನ್ನು ಬೆಳೆಗಾರರು ಗಮನಿಸಬೇಕು.

ಒಬ್ಬ ಸಣ್ಣ ಬೆಳೆಗಾರನ ಗುಂಡಿಯಿಂದ ಲೋಕದ ಹವೆ ಕೆಡುವುದಿಲ್ಲ, ನಿಜ. ಆದರೆ ಗೊಬ್ಬರದ ನಷ್ಟ ಮಾತ್ರ ಪೂರ್ತಿ ಅವನದೇ.

ನಮ್ಮ ತೋಟದ ಕಸ

ಒಂದು ಹೆಕ್ಟೇರ್ ಅಡಿಕೆ ತೋಟದಲ್ಲಿ ಸೋಗೆ, ಹಾಳೆ, ಸಿಪ್ಪೆ ಸೇರಿ ವರ್ಷಕ್ಕೆ 5ರಿಂದ 6 ಟನ್ ಕಸ ಸಿಗುತ್ತದೆ. ಇದು ನಾರು, ಬೇಗ ಕಳಿಯುವುದಿಲ್ಲ. ಕಾಫಿ ಹಣ್ಣಿನ ಸಿಪ್ಪೆಯ ಸ್ವಭಾವ ಇದಕ್ಕೆ ವಿರುದ್ಧ. ಪಲ್ಪರ್‌ನಿಂದ ಹೊರಬೀಳುವ ಸಿಪ್ಪೆ ಹಣ್ಣಿನ ತೂಕದಲ್ಲಿ ಶೇಕಡಾ 40ರಷ್ಟು. ಮೈತುಂಬ ನೀರು, ಸಕ್ಕರೆ. ಹಾಗೆಯೇ ಗುಡ್ಡೆ ಹಾಕಿದರೆ ಮುದ್ದೆಗಟ್ಟಿ ಒಳಗೆ ಗಾಳಿ ನಿಲ್ಲುತ್ತದೆ. ಎರಡೂ ಇರುವ ತೋಟದಲ್ಲಿ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಕತ್ತರಿಸಿದ ಸೋಗೆ, ಅಡಿಕೆ ಸಿಪ್ಪೆ ಒಂದು ಪದರ, ಕಾಫಿ ಸಿಪ್ಪೆ ಒಂದು ಪದರ, ಮೇಲೆ ಸಗಣಿ ಬಗ್ಗಡ: ಹೀಗೆ ಏರಿಸುತ್ತ ಹೋಗಬೇಕು.

ರಾಶಿ ಎತ್ತರದ ಜಾಗದಲ್ಲಿರಲಿ. ಸುತ್ತ ಬಸಿಗಾಲುವೆ, ಮೇಲೆ ಸೋಗೆಯ ಚಪ್ಪರವಾದರೂ ಇರಲಿ. ಒಳಗಿನ ಗೊಬ್ಬರವನ್ನು ಹಿಡಿ ತುಂಬ ಹಿಂಡಿದಾಗ ಅಂಗೈ ಒದ್ದೆಯಾಗಬೇಕು, ನೀರು ಧಾರೆಯಾಗಿ ಸುರಿಯಬಾರದು. ಒಂದೆರಡು ಬಾರಿ ಮಗುಚಿ ಹಾಕಿದರೆ ಒಳಕ್ಕೆ ಗಾಳಿ ಸಿಗುತ್ತದೆ. ತೋಟದ ನೆಲಕ್ಕೆ ತೆಳುವಾಗಿ ಹೊದಿಸಿದ ದರಕಿನ ಬಗ್ಗೆ ಚಿಂತೆ ಬೇಡ. ಅದಕ್ಕೆ ಗಾಳಿ ಸಾಕಷ್ಟಿದೆ. ಅದನ್ನು ಗುಡಿಸಿ ಸುಡುವುದೇ ತಪ್ಪು.

ಮುಚ್ಚುವುದಾದರೆ ಪೂರ್ತಿ ಮುಚ್ಚಿ

ಮೀಥೇನ್ ಹುಟ್ಟುವುದೇ ಆದರೆ ಅದು ಒಲೆಯಲ್ಲಿ ಉರಿಯಲಿ. ಒಂದು ಕಿಲೋ ಮೀಥೇನ್ ಉರಿದರೆ ಉಳಿಯುವುದು 2.75 ಕಿಲೋ ಇಂಗಾಲದ ಡೈಆಕ್ಸೈಡ್ ಮಾತ್ರ. ಎಂದರೆ ಕೆಡುಕು ಹತ್ತನೆಯ ಒಂದು ಪಾಲಿಗೆ ಇಳಿಯಿತು, ಅಡಿಗೆಯೂ ಆಯಿತು, ಬಗ್ಗಡವೂ ಗೊಬ್ಬರಕ್ಕೆ ಉಳಿಯಿತು. ದಿನಕ್ಕೆ 50 ಕಿಲೋ ಸಗಣಿ ಸಿಗುವ ಮನೆಗೆ 2 ಘನಮೀಟರಿನ ಗೋಬರ್ ಗ್ಯಾಸ್ ಸರಿಹೊಂದುತ್ತದೆ. ನೆರೆಯ ಉತ್ತರ ಕನ್ನಡದಲ್ಲಿ ಅಡಿಕೆ ಬೆಳೆಗಾರರ ಶಿರಸಿ ತಾಲೂಕು ಇದಕ್ಕೆ ಮಾದರಿ. ಅಲ್ಲಿ ಈ ಘಟಕಗಳು ಮನೆಮನೆಗೆ ಹರಡಿದ ಬಗೆಯ ಅಧ್ಯಯನವೇ 2001ರಲ್ಲಿ ಪ್ರಕಟವಾಗಿದೆ. ಆದರೆ ಕೊಳವೆ ಸೋರಿದರೆ ಲಾಭವೆಲ್ಲ ಸೋರಿದಂತೆ. ಜೋಡಣೆಗಳಿಗೆ ಸಾಬೂನಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡುತ್ತಿರಬೇಕು.

ಗಾಳಿ ಬೇಕಾದಷ್ಟಿರುವ ರಾಶಿಯೂ ಒಳ್ಳೆಯದು, ಗಾಳಿ ಹೋಗದಂತೆ ಮುಚ್ಚಿದ ತೊಟ್ಟಿಯೂ ಒಳ್ಳೆಯದು. ಇವೆರಡರ ನಡುವಿನ, ಮೇಲೆ ತೆರೆದು ಒಳಗೆ ಮುಳುಗಿದ ಗುಂಡಿಯೇ ಎಲ್ಲಕ್ಕಿಂತ ಕೆಟ್ಟದ್ದು.

ಒಂದು ಎಚ್ಚರಿಕೆ

ಹಳೆಯ ಗೊಬ್ಬರದ ಗುಂಡಿಗಾಗಲಿ, ಗ್ಯಾಸ್ ತೊಟ್ಟಿಗಾಗಲಿ, ಪಲ್ಪಿಂಗ್ ನೀರಿನ ಮುಚ್ಚಿದ ತೊಟ್ಟಿಗಾಗಲಿ ಯಾರೂ ಇಳಿಯಬಾರದು, ಆಳುಗಳನ್ನೂ ಇಳಿಸಬಾರದು. ಕೊಳೆತ ಮೊಟ್ಟೆಯ ವಾಸನೆಯ ಅನಿಲ ಹೆಚ್ಚಾದಾಗ ಮೂಗಿಗೆ ವಾಸನೆಯೇ ತಿಳಿಯದಂತಾಗುತ್ತದೆ; ವಾಸನೆಯಿಲ್ಲವೆಂದು ನಂಬಿ ಇಳಿದವನು ಅಲ್ಲೇ ಕುಸಿಯುತ್ತಾನೆ, ಎತ್ತಲು ಇಳಿದವನೂ ಕುಸಿಯುತ್ತಾನೆ. ಬಾವಿಗೆ ಬಿಟ್ಟು ನೋಡುವಂತೆ ಇಲ್ಲಿ ಉರಿಯುವ ದೀಪ ಇಳಿಬಿಡುವುದೂ ಅಪಾಯವೇ. ಮೀಥೇನ್ ಭಗ್ಗೆಂದು ಹೊತ್ತಿಕೊಳ್ಳಬಹುದು.

ಮೊದಲ ಮಳೆಗೆ ಮುಂಚೆ ಒಂದು ದಿನ ಬಿಡುವು ಮಾಡಿಕೊಂಡು ನಮ್ಮ ನಮ್ಮ ಗುಂಡಿಗಳನ್ನು ನೋಡಿಬರೋಣ. ನೀರು ನಿಲ್ಲುವ ಗುಂಡಿಯಿದ್ದರೆ ರಾಶಿಯನ್ನು ಎತ್ತರಕ್ಕೆ ಎತ್ತಿ ಹಾಕೋಣ. ಒಂದು ದಿನದ ಕೆಲಸ. ಉಳಿಯುವುದು ವರ್ಷದ ಗೊಬ್ಬರ.