ಲೆಕ್ಕಪರಿಶೋಧಕರಾಗುವುದು ಹೇಗೆ?

ಪಿಯುಸಿ ಫಲಿತಾಂಶ ಬಂದೊಡನೆ ನಮ್ಮ ಮನೆಗಳಲ್ಲಿ ಕೇಳಿಬರುವ ಪ್ರಶ್ನೆ, 'ಮುಂದೇನು?' ವಾಣಿಜ್ಯ ವಿಭಾಗದ ಹಲವು ಮಕ್ಕಳ ಉತ್ತರ ಸಿಎ. ಮಂಗಳೂರು, ಉಡುಪಿಗಳಲ್ಲಿ ಸಿಎ ಸಂಸ್ಥೆಯ ಶಾಖೆಗಳಿರುವುದರಿಂದ ಕರಾವಳಿಯ ನಮಗೆ ಈ ದಾರಿ ಪರಿಚಿತ. ಬಾಗಲಕೋಟೆ ಜಿಲ್ಲೆಯ ಜಮಖಂಡಿ ತಾಲೂಕಿನ ಹುನ್ನೂರದಂಥ ಹಳ್ಳಿಯ ಮಕ್ಕಳಿಗೂ ಇದು ತೆರೆದಿದೆಯೇ? ಖಂಡಿತ ತೆರೆದಿದೆ.

ನಮ್ಮ ದೇಶದಲ್ಲಿ ಸಿಎ ಪರೀಕ್ಷೆ ನಡೆಸುವುದು 1949ರ ಕಾಯಿದೆಯಂತೆ ಸ್ಥಾಪನೆಯಾದ ಭಾರತೀಯ ಚಾರ್ಟರ್ಡ್ ಅಕೌಂಟೆಂಟ್‌ಗಳ ಸಂಸ್ಥೆ. ಪ್ರವೇಶಕ್ಕೆ ಎರಡು ದಾರಿಗಳಿವೆ.

ಒಂದು, ಪಿಯುಸಿ ನಂತರ ಫೌಂಡೇಶನ್ ಪರೀಕ್ಷೆ. ಇದರಲ್ಲಿ 4 ಪತ್ರಿಕೆಗಳು. ಪ್ರತಿಯೊಂದರಲ್ಲೂ ಶೇ. 40, ಒಟ್ಟಾರೆ ಶೇ. 50 ಅಂಕ ಬೇಕು.

ಎರಡು, ಪದವಿ ಮುಗಿಸಿ ನೇರವಾಗಿ ಇಂಟರ್‌ಮೀಡಿಯೆಟ್ ಸೇರುವುದು. ವಾಣಿಜ್ಯ ಪದವೀಧರರಿಗೆ ಶೇ. 55, ಉಳಿದವರಿಗೆ ಶೇ. 60 ಅಂಕ ಇರಬೇಕು. ಹುನ್ನೂರದ ವಿದ್ಯಾರ್ಥಿ ತಾಲೂಕು ಕೇಂದ್ರವಾದ ಜಮಖಂಡಿಯ ಬಿಎಲ್‌ಡಿಇ ಸಂಸ್ಥೆಯ ಕಾಲೇಜಿನಲ್ಲಿ ಬಿ.ಕಾಂ. ಓದಿ ಈ ದಾರಿ ಹಿಡಿಯಬಹುದು. ದೂರದ ಊರಿನ ಹಾಸ್ಟೆಲ್ ಖರ್ಚು ಅಷ್ಟು ವರ್ಷ ಉಳಿಯುತ್ತದೆ.

ಇಂಟರ್‌ಮೀಡಿಯೆಟ್‌ನಲ್ಲಿ ಎರಡು ಗುಂಪುಗಳಾಗಿ 6 ಪತ್ರಿಕೆಗಳು. ಅವೆರಡೂ ಪಾಸಾದ ಮೇಲೆ ಅನುಭವಿ ಸಿಎ ಒಬ್ಬರ ಕಚೇರಿಯಲ್ಲಿ ಆರ್ಟಿಕಲ್‌ಶಿಪ್ ಎಂಬ ತರಬೇತಿ. ಹಿಂದೆ 3 ವರ್ಷವಿದ್ದ ಇದನ್ನು 2023ರ ಹೊಸ ಯೋಜನೆ 2 ವರ್ಷಕ್ಕೆ ಇಳಿಸಿತು. ತಿಂಗಳಿಗೆ ಅಲ್ಪ ಭತ್ಯೆಯೂ ಸಿಗುತ್ತದೆ. ಉತ್ತರ ಕರ್ನಾಟಕದ ಮಕ್ಕಳು ಹುಬ್ಬಳ್ಳಿ, ಬೆಳಗಾವಿಗಳಲ್ಲಿ ಇದಕ್ಕಾಗಿ ವಿಚಾರಿಸಬಹುದು. ಕೊನೆಗೆ ಫೈನಲ್, ಮತ್ತೆ 6 ಪತ್ರಿಕೆಗಳು.

ಹಳ್ಳಿಯ ಮಕ್ಕಳಿಗೆ ನಿಜವಾದ ತೊಡಕು ಲೆಕ್ಕವಲ್ಲ, ಭಾಷೆ. ಪರೀಕ್ಷೆಯನ್ನು ಇಂಗ್ಲಿಷ್ ಇಲ್ಲವೇ ಹಿಂದಿಯಲ್ಲಿ ಮಾತ್ರ ಬರೆಯಬಹುದು, ಕನ್ನಡದಲ್ಲಿ ಅವಕಾಶವಿಲ್ಲ. ಆದ್ದರಿಂದ ಕನ್ನಡ ಮಾಧ್ಯಮದವರು ಬಿ.ಕಾಂ. ವರ್ಷಗಳಲ್ಲೇ ಲೆಕ್ಕಶಾಸ್ತ್ರ, ಕಾನೂನುಗಳನ್ನು ಇಂಗ್ಲಿಷ್‌ನಲ್ಲಿ ಓದಿ, ಉತ್ತರ ಬರೆದು ಅಭ್ಯಾಸ ಮಾಡಬೇಕು. ಮೊದಲ ಸಲ ಅನುತ್ತೀರ್ಣರಾದರೆ ಎದೆಗುಂದಬೇಕಿಲ್ಲ. ಈಗ ವರ್ಷಕ್ಕೆ ಮೂರು ಬಾರಿ ಪರೀಕ್ಷೆ ನಡೆಯುತ್ತದೆ.

ಎಲ್ಲರೂ ಸಿಎ ಆಗಲೇಬೇಕೆಂದಿಲ್ಲ. ಬಿ.ಕಾಂ. ಜೊತೆಗೆ ಟ್ಯಾಲಿ, ಜಿಎಸ್‌ಟಿ ಕಲಿತವರಿಗೆ ಅಂಗಡಿ, ಸಹಕಾರ ಸಂಘ, ಸಕ್ಕರೆ ಕಾರ್ಖಾನೆಗಳಲ್ಲಿ ಲೆಕ್ಕಿಗರ ಕೆಲಸವಿದೆ.

ಜೋಡಿ ನಮೂದು ಪದ್ಧತಿಯನ್ನು 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಗ್ರಂಥದಲ್ಲಿ ವಿವರಿಸಿದವರು ಲೂಕಾ ಪಾಚೋಲಿ ಎಂಬ ಫ್ರಾನ್ಸಿಸ್ಕನ್ ಸನ್ಯಾಸಿ. ಪ್ರತಿ ಧರ್ಮಕೇಂದ್ರದಲ್ಲೂ ಹಣಕಾಸು ಸಮಿತಿ ಇರಬೇಕೆಂದು 1983ರ ಧರ್ಮಸಭೆಯ ಕಾನೂನು ಸಂಹಿತೆ ವಿಧಿಸುತ್ತದೆ. ಸುಂಕದವನಾಗಿದ್ದು ಯೇಸುವಿನ ಕರೆಗೆ ಎದ್ದು ಬಂದ ಸಂತ ಮತ್ತಾಯರು ಲೆಕ್ಕಿಗರ ಪಾಲಕ ಸಂತರು. ಪರರ ಹಣಕ್ಕೆ ಪ್ರಾಮಾಣಿಕ ಲೆಕ್ಕ ಕೊಡುವುದೂ ಒಂದು ಸೇವೆಯೇ. ನಮ್ಮ ಯುವಜನರು ಧೈರ್ಯದಿಂದ ಮುಂದೆ ಬರಲಿ.